ವರ್ಸಟೈಲ್ ಹುಡುಗ

ಹುಡುಗಿ ನೋಡಲು ಬಂದವರ ಎದುರು ನಗಬಾರದೆಂದು ತನುಜಾಗೆ ಗೊತ್ತಿರಲಿಲ್ಲವೆಂದೇನಲ್ಲ. ತಾಯಿ ಸುಭದ್ರಮ್ಮ ಬೆಳಿಗ್ಗೆಯಿಂದ ಅದನ್ನೇ ಹೇಳುತ್ತಿದ್ದರು. ಆದರೂ ಶಿವಮೊಗ್ಗದಿಂದ ಭದ್ರಾವತಿಗೆ ಬಂದಿದ್ದ ಜ್ಞಾನೇಶ್ ಉಪ್ಪಿಟ್ಟಿನ ತಟ್ಟೆ ಬದಿಗಿಟ್ಟು, "ಬಯೋಡೇಟಾದಲ್ಲೇ ಬರ್ದಿದೀನಲ್ಲ, ನಾನು ತುಂಬಾ ವರ್ಸಟೈಲ್" ಎಂದಾಗ ಅವಳು ಕಿಸಕ್ಕನೆ ನಕ್ಕುಬಿಟ್ಟಳು.

ಸುಭದ್ರಮ್ಮನ ಮುಖ ಸಣ್ಣಗಾಯಿತು.

"ಯಾಕ್ರೀ, ಏನ್ ತಪ್ಪು ಹೇಳ್ದೆ?" ಎಂದ ಜ್ಞಾನೇಶ್.

"ತಪ್ಪೇನಿಲ್ಲ. ನಾನು ಶಿವಮೊಗ್ಗದಲ್ಲಿ ಫ್ರೆಂಚ್ ಕ್ಲಾಸಿಗೆ ಹೋಗ್ತೀನಿ. ನಿನ್ನೆ ಇದೇ ಪದ ಬಂದಿತ್ತು. ಇಂಗ್ಲಿಷಲ್ಲಿ ಅದು ಹೊಗಳಿಕೆ, ಹತ್ತಾರು ಕೆಲ್ಸ ಬಲ್ಲೋರು ಅಂತ. ಅದೇ ಸ್ಪೆಲಿಂಗ್ ಫ್ರೆಂಚಲ್ಲೂ ಇದೆ, ಅರ್ಥ ಮಾತ್ರ ಬೇರೆ."

"ಏನದು?"

ತನುಜಾ ಮೊಬೈಲಿನಲ್ಲಿ ಫ್ರೆಂಚ್ ನಿಘಂಟು ತೆರೆದು, ಆ ಪದದ ಇಂಗ್ಲಿಷ್ ಅರ್ಥಗಳನ್ನು ಓದಿದಳು. "ಫಿಕಲ್. ಚೇಂಜಬಲ್. ವಾಲಟೈಲ್."

"ಕನ್ನಡದಲ್ಲಿ ಹೇಳಮ್ಮ" ಎಂದರು ಹುಡುಗನ ತಾಯಿ ಪದ್ಮಮ್ಮ.

"ಮನಸ್ಸು ಒಂದ್ ಕಡೆ ನಿಲ್ಲದೋರು ಅಂತ. ಗಳಿಗೆಗೊಂದು ಬುದ್ಧಿ."

ಪದ್ಮಮ್ಮ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಅಯ್ಯೋ ಮಾರಾಯ್ತಿ! ಆ ಫ್ರೆಂಚಿನೋರಿಗೆ ನಮ್ ಹುಡ್ಗ ಹೆಂಗ್ ಗೊತ್ತಾದ? ಮೊದ್ಲು ಫೋಟೋ ಸ್ಟುಡಿಯೋ ಅಂದ. ಆಮೇಲೆ ಜೇನು ಸಾಕ್ತೀನಿ ಅಂದ, ಮನೆ ತುಂಬಾ ಪೆಟ್ಟಿಗೆ. ಈಗ ಬ್ಯಾಂಕಲ್ಲಿದಾನೆ, ಅದೆಷ್ಟು ದಿನಾನೋ."

"ಅಮ್ಮಾ!" ಜ್ಞಾನೇಶನ ಕಿವಿ ಕೆಂಪಾಯಿತು. ಅವನು ತನುಜಾ ಕಡೆ ತಿರುಗಿದ. "ವಾಲಟೈಲ್ ಅಂದ್ರೆ ಥಟ್ಟಂತ ಸಿಟ್ಟಾಗೋರು, ಅದು ಮಾತ್ರ ಬೇಡ ಕಣ್ರೀ, ನಂಗೆ ಸಿಟ್ಟೇ ಬರಲ್ಲ. ಚೇಂಜಬಲ್ ಬೇಕಾದ್ರೆ ಒಪ್ಕೋತೀನಿ."

ಮುಂಚೆ ಬಂದಿದ್ದ ಮೂವರು ಗಂಡುಗಳಲ್ಲಿ ಒಬ್ಬರೂ ತಮ್ಮಲ್ಲಿ ಇಂಥದ್ದೊಂದು ಕೊರತೆಯಿದೆ ಎಂದವರಲ್ಲ. ಇವನೋ, ಸಂತೆಯಲ್ಲಿ ಬದನೆಕಾಯಿ ಆರಿಸುವವನಂತೆ ತನ್ನ ದೋಷವನ್ನು ತಾನೇ ಆರಿಸಿಕೊಳ್ಳುತ್ತಿದ್ದ. ತನುಜಾಗೆ ಅದು ಹಿಡಿಸಿತು. ತಾನೂ ಮುಚ್ಚಿಡಬಾರದೆನಿಸಿ, "ಫ್ರೆಂಚಿಗೆ ಮುಂಚೆ ನಾನು ವೀಣೆ ಕಲಿತು ಬಿಟ್ಟೆ. ಅದಕ್ಕೂ ಮುಂಚೆ ಕೇಕ್ ಮಾಡೋದು" ಎಂದಳು.

ಕಾಫಿ ತರುವ ನೆಪದಲ್ಲಿ ಸುಭದ್ರಮ್ಮ ಅಡುಗೆಮನೆ ಸೇರಿಕೊಂಡರು.

ಮುಂದಿನ ಭಾನುವಾರ ಇಬ್ಬರೂ ಶಿವಮೊಗ್ಗದ ಗಾಂಧಿ ಪಾರ್ಕಿನಲ್ಲಿ ಎರಡು ಗಂಟೆ ಕೂತು ಮಾತಾಡಿದರು. ಮನೆಗೆ ಬಂದವಳೇ ತನುಜಾ, "ಅಮ್ಮ, ನಂಗೆ ಒಪ್ಪಿಗೆ" ಎಂದಳು.

"ಸರಿ. ಒಂದ್ ವಾರ ಬಿಟ್ಟು ಮತ್ತೆ ಕೇಳ್ತೀನಿ. ಅಲ್ಲೀತಂಕ ನಾನು ಯಾರಿಗೂ ಬಾಯಿ ಬಿಡಲ್ಲ" ಎಂದರು ಸುಭದ್ರಮ್ಮ.

ವಾರವಿಡೀ ಅವರು ಮಗಳ ಮುಖ ನೋಡಿದ್ದೇ ನೋಡಿದ್ದು. ಎಂಟನೇ ದಿನವೂ ಅವಳ ಉತ್ತರ ಅದೇ ಆಗಿತ್ತು. ಸುಭದ್ರಮ್ಮ ನಿಟ್ಟುಸಿರು ಬಿಟ್ಟು, ಪದ್ಮಮ್ಮನಿಗೆ ಫೋನ್ ಹಚ್ಚಿದರು.