ಬೇನಜೀರಳ ಬದಲಿಗೆ

ಪುತ್ತಳಂನಿಂದ ತಮ್ಮ ಅಸ್ಲಮ್‌ನ ಫೋನು ಬಂದಾಗ ಬೇನಜೀರ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಉಮ್ಮಾ, ಅವರ ತಾಯಿ, ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಪರೇಷನ್ನೇನೋ ಆಯಿತು, ಆದರೆ ಊಟ ಮುಟ್ಟುತ್ತಿಲ್ಲ, ಮಗಳನ್ನು ಕರೆಸು ಎಂದು ಒಂದೇ ಹಟ ಹಿಡಿದಿದ್ದಾಳೆ ಎಂದು ಅಸ್ಲಮ್ ತಮಿಳಿನಲ್ಲಿ ಹೇಳಿದ. ಯಾವಾಗ ಹೊರಡುತ್ತೀ ಎಂದು ಕೇಳಿದ.

ಖಾರ ಹತ್ತಿದ ಕೈ. ಕಣ್ಣು ಒರೆಸಿಕೊಳ್ಳುವ ಹಾಗೂ ಇರಲಿಲ್ಲ. ಹೊರಡುವುದಾದರೂ ಯಾವ ಪಾಸ್‌ಪೋರ್ಟಿನ ಮೇಲೆ?

ಬೇನಜೀರ ಶ್ರೀಲಂಕಾದ ಪುತ್ತಳಂನವಳು. ಕುವೈತಿನ ಒಂದು ದೊಡ್ಡ ಮನೆಯಲ್ಲಿ ಅವಳು ಅಡುಗೆ ಮಾಡುತ್ತಿದ್ದಾಗ ಬ್ಯಾಡಗಿಯ ಸಮೀವುಲ್ಲಾ ಅದೇ ಮನೆಯ ಕಾರು ಓಡಿಸುತ್ತಿದ್ದ. ಮದುವೆಯಾಗಿ ಅವನ ಹಿಂದೆ ಈ ಊರಿಗೆ ಬಂದು ಹತ್ತು ವರ್ಷದ ಮೇಲಾಯಿತು. ಅತ್ತೆಯ ಉರ್ದುಗಿಂತ ಓಣಿಯ ಕನ್ನಡವೇ ಅವಳ ನಾಲಿಗೆಗೆ ಬೇಗ ಹತ್ತಿತು. ಸಮೀವುಲ್ಲಾ ಈಗ ಮಾರ್ಕೆಟ್ಟಿನಿಂದ ಕೋಲ್ಡ್ ಸ್ಟೋರೇಜಿಗೆ ಮೆಣಸಿನಕಾಯಿ ಚೀಲ ಹೇರುತ್ತಾನೆ. ಮಗಳು ದಿಲನಾಜ ಮೂರನೇ ಇಯತ್ತೆ. ಬೇನಜೀರ ಮಾತ್ರ ಕಾಗದದಲ್ಲಿ ಪರದೇಶದವಳಾಗಿಯೇ ಉಳಿದಿದ್ದಳು. ವೀಸಾ ಮುಗಿಯುವ ಕಾಲ ಬಂತೆಂದರೆ ಹಾವೇರಿಗೆ ಓಡಾಟ.

ಪೌರತ್ವಕ್ಕೆ ಅರ್ಜಿ ಹಾಕು ಎಂದು ಬೆನ್ನು ಹತ್ತಿದವಳು ಅತ್ತೆ ಕುಲ್ಸುಮಬಿ. "ನಾಳೆ ನನ್ನ ಮಗಗ ಏನರ ಆದ್ರ ನಿನ್ನ ಇಲ್ಲಿ ಇಟ್ಕೊಳ್ಳವರು ಯಾರು? ಹುಡುಗೀನ ಬಿಟ್ಟು ಹೋಗ್ತಿಯೇನು?" ಎಂದು ಕೂತಲ್ಲಿ ನಿಂತಲ್ಲಿ ಅಂದಳು. ಅರ್ಜಿ ಹೋಯಿತು. ಪೊಲೀಸರು ಬಂದು ಪಕ್ಕದ ಮನೆಯ ಉಚ್ಚಂಗೆವ್ವನನ್ನು ಕೇಳಿಕೊಂಡು ಹೋದರು. ಕಡೆಗೆ ದಿಲ್ಲಿಯಿಂದ ಒಪ್ಪಿಗೆ ಬಂತು, ಒಂದು ಷರತ್ತಿನ ಮೇಲೆ: ಮೊದಲು ಆ ದೇಶದ ಪೌರತ್ವ ಬಿಡಬೇಕು. ಬೇನಜೀರ ಚೆನ್ನೈನ ಶ್ರೀಲಂಕಾ ಕಚೇರಿಗೆ ಹೋಗಿ ತನ್ನ ಪಾಸ್‌ಪೋರ್ಟ್ ಒಪ್ಪಿಸಿ ಬಂದಳು. ಅವತ್ತಿನಿಂದ ಅವಳು ಆ ದೇಶದವಳಲ್ಲ. ಈ ದೇಶದವಳು ಇನ್ನೂ ಆಗಿರಲಿಲ್ಲ. ಮನೆ ಮುಂದೆ ಯಾರದಾದರೂ ಬೈಕು ನಿಂತರೆ ಪೊಲೀಸರೇನೋ ಎಂದು ಕಿಟಕಿಯಿಂದ ಇಣುಕುತ್ತಿದ್ದಳು.

ಫೋನು ಬಂದ ಮರುದಿನವೇ ಗಂಡ ಹೆಂಡತಿ ಹಾವೇರಿಗೆ ಹೋದರು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಗಂಗಾ ಎಂಬ ಗುಮಾಸ್ತೆ ಎಲ್ಲವನ್ನೂ ಕೇಳಿಸಿಕೊಂಡಳು.

"ಯಕ್ಕಾರ, ನಿಮ್ಮನ್ನ ಯಾವ ದೇಶದಾಕಿ ಅಂತ ಹೇಳಿ ವಿಮಾನ ಹತ್ತಸೂದ್ರಿ? ಸರ್ಟಿಫಿಕೇಟ್ ಬರಬೇಕು, ಆಮ್ಯಾಲೆ ಪಾಸ್‌ಪೋರ್ಟು."

"ಯಾವಾಗ ಬರ್ತೈತ್ರಿ?"

"ಅದು ನಮ್ಮ ಕೈಯಾಗ ಇಲ್ರಿ. ಬಂದ ದಿನಾನ ನಾ ಫೋನ್ ಮಾಡ್ತೇನಿ."

ಮನೆಗೆ ಬಂದವಳೇ ಬೇನಜೀರ ಅತ್ತೆಯ ಮುಂದೆ ನಿಂತಳು. ಅಷ್ಟು ವರ್ಷದಲ್ಲಿ ಎಂದೂ ಎತ್ತರಿಸದ ದನಿ ಎತ್ತರಿಸಿದಳು. "ಅರ್ಜಿ ನೀವ ಬರಸಿದ್ರಿ ಅಮ್ಮಾ. ನೀವ ಬೆನ್ನು ಹತ್ತಿ ಬರಸಿದ್ರಿ. ಈಗ ನಮ್ಮ ಉಮ್ಮಾ ಸತ್ರ ಮಣ್ಣಿಗೂ ಹೋಗಾಕ ಆಗಂಗಿಲ್ಲ ನನಗ."

ಕುಲ್ಸುಮಬಿ ಮರುದಿನ ಚಹಾ ಕುಡಿದು ಟ್ರಂಕು ತೆಗೆದು, ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೋಗುವಾಗ ಮಾಡಿಸಿದ್ದ ತನ್ನ ಪಾಸ್‌ಪೋರ್ಟನ್ನು ಮಗನ ಮುಂದಿಟ್ಟಳು.

"ಇದು ನಡೀತೈತೇನು ನೋಡು. ನಾ ಹೋಗ್ತೇನಿ."

"ಎಲ್ಲಿಗೆ?"

"ಬೀಗತಿ ಕಡೆ. ಅಡಗಿಗೆ ಆಳು ಸಿಗ್ತಾರ. ಎಬ್ಬಿಸಿ ಕುಂದ್ರಸವರು, ತಲಿ ಬಾಚವರು ಯಾರದಾರ ಅಲ್ಲಿ?"

"ಅಮ್ಮಾ, ನಿಂಗ ಅವರ ಮಾತು ತಿಳಿಯಂಗಿಲ್ಲ."

"ಆಕೀನ ಎಬ್ಬಸಾಕ ಮಾತು ಯಾಕ ಬೇಕೋ?"

ಬೇನಜೀರ ಬೇಡವೆಂದಳು, ಅತ್ತಳು, ಆಮೇಲೆ ತಾನೇ ಅತ್ತೆಯ ಸೀರೆ ಮಡಚಿ ಚೀಲ ತುಂಬಿದಳು. ಸಮೀವುಲ್ಲಾ ಬೆಂಗಳೂರಿನ ತನಕ ಹೋಗಿ ತಾಯಿಯನ್ನು ವಿಮಾನ ಹತ್ತಿಸಿ ಬಂದ.

ಅಂದಿನಿಂದ ಚಿಂತೆ ಇಮ್ಮಡಿಯಾಯಿತು. ಕೊಲಂಬೋದಲ್ಲಿ ಇಳಿದ ಮೇಲೆ ಕುಲ್ಸುಮಬಿಯ ಫೋನು ಹತ್ತಲಿಲ್ಲ. ಸಕ್ಕರೆ ಕಾಯಿಲೆಯ ಮುದುಕಿ, ಗುರುತಿಲ್ಲದ ಊರು. ದಿನವಿಡೀ ಬೇನಜೀರ ಒಲೆ ಹಚ್ಚಲಿಲ್ಲ. ಉಚ್ಚಂಗೆವ್ವ ರೊಟ್ಟಿ ತಂದಿಟ್ಟು, "ತಿನ್ನವ್ವ, ಆ ಹುಡುಗೀ ಮಾರಿ ನೋಡಿ ಆದ್ರೂ ತಿನ್ನು" ಎಂದಳು. ಸಂಜೆ ಅಸ್ಲಮ್ ವಿಡಿಯೋ ಕಾಲ್ ಮಾಡಿದ. ವಿಮಾನ ನಿಲ್ದಾಣದಲ್ಲಿ ತಾನೇ ಕಾದಿದ್ದು ಕರೆದುಕೊಂಡು ಬಂದೆ, ಅವರ ಸಿಮ್ ಇಲ್ಲಿ ನಡೆಯುವುದಿಲ್ಲ ಎಂದ. ಆದರೆ ಉಮ್ಮಾ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಳು. ಮಗಳನ್ನು ಕರೆಸಿ ಅಂದರೆ ಇವಳನ್ನು ಕಳಿಸಿದ್ದಾರೆ ಎಂದು ಅವಳಿಗೆ ಸಿಟ್ಟು. ಎರಡು ದಿನ ಹಾಗೇ ಕಳೆಯಿತು. ಮೂರನೆಯ ದಿನ ಪರದೆಯ ಮೇಲೆ ಕುಲ್ಸುಮಬಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಅವಳು ಕನ್ನಡದಲ್ಲಿ ಗದರಿಸುತ್ತಿದ್ದಳು, ಉಮ್ಮಾ ತಮಿಳಿನಲ್ಲಿ ಗೊಣಗುತ್ತಿದ್ದಳು, ಗಂಜಿ ಮಾತ್ರ ಒಳಗೆ ಹೋಗುತ್ತಿತ್ತು.

ಗಂಗಾ ಮಾತಿಗೆ ತಪ್ಪಲಿಲ್ಲ. ಒಂದು ಸೋಮವಾರ ಫೋನು ಮಾಡಿ, ಪ್ರಮಾಣ ಮಾಡಲು ಬನ್ನಿ ಎಂದಳು. ಬೇನಜೀರ ಪ್ರಮಾಣವಚನದ ನಾಲ್ಕು ಸಾಲನ್ನು ಬಾಯಿಪಾಠ ಮಾಡಿದಳು. 'ನಿಷ್ಠೆ' ಎಂಬ ಮಾತಿಗೆ ಅವಳ ನಾಲಿಗೆಯೇ ಹೊರಳದು. ದಿಲನಾಜ ಹತ್ತಾರು ಸಲ ಹೇಳಿಕೊಟ್ಟಳು. ತಪ್ಪಿದರೆ ಅರ್ಜಿಯೇ ಬಿದ್ದುಹೋಗುತ್ತದೆಂದು ಬೇನಜೀರ ನಂಬಿಬಿಟ್ಟಿದ್ದಳು.

ಅಧಿಕಾರಿಯ ಮುಂದೆ ಅದೇ ಮಾತಿಗೆ ತೊದಲಿದಳು. ಅವರು, "ಸಾವಕಾಶ ಓದ್ರಿ, ಅವಸರ ಇಲ್ಲ" ಎಂದರು. ಮತ್ತೆ ಮೊದಲಿಂದ ಓದಿದಳು. ಸರ್ಟಿಫಿಕೇಟ್ ಕೊಟ್ಟು ಅವರು ಅಭಿನಂದನೆ ಹೇಳುತ್ತಿರುವಾಗಲೇ, "ಪಾಸ್‌ಪೋರ್ಟಿಗೆ ಇವತ್ತ ಹಾಕಬಹುದೇನ್ರಿ?" ಎಂದು ಕೇಳಿದಳು. ಗಂಗಾ ಹೊರಗೆ ಕರೆದುಕೊಂಡು ಹೋಗಿ ಯಾವ ಯಾವ ಕಾಗದ ಬೇಕೆಂದು ತಿಳಿಸಿ ಹೇಳಿದಳು.

ಅದಕ್ಕೂ ಪೊಲೀಸ್ ತಪಾಸಣೆ, ಅದಕ್ಕೂ ಕಾಯುವುದು. ಅಷ್ಟರಲ್ಲಿ ಕುಲ್ಸುಮಬಿಯ ವೀಸಾ ಮುಗಿಯುತ್ತ ಬಂತು. "ಇಲ್ಲಿ ನನ್ನ ಪರದೇಶದಾಕಿ ಅಂತಾರಲೇ!" ಎಂದು ಫೋನಿನಲ್ಲಿ ನಕ್ಕಳು. ಅಸ್ಲಮ್ ಅವಳನ್ನು ಕೊಲಂಬೋಗೆ ಕರೆದೊಯ್ದು ಅವಧಿ ಹೆಚ್ಚಿಸಿಕೊಂಡು ಬಂದ. ಆ ಕಚೇರಿಯಲ್ಲಿ ಎಷ್ಟು ಹೊತ್ತು ಕಾದರೋ, ಬೇನಜೀರ ಅಷ್ಟು ಹೊತ್ತೂ ಇಲ್ಲಿ ನಮಾಜಿನ ಚಾಪೆ ಬಿಟ್ಟು ಏಳಲಿಲ್ಲ.

ಪಾಸ್‌ಪೋರ್ಟ್ ಕೈಗೆ ಬಂದ ವಾರದಲ್ಲೇ ಬೇನಜೀರ ಹೊರಟಳು. ಪುತ್ತಳಂನ ಮನೆಯ ಗೇಟು ತೆಗೆದಾಗ ಉಮ್ಮಾ ವಾಕರ್ ಹಿಡಿದು ಜಗುಲಿಯಲ್ಲಿ ನಿಂತಿದ್ದಳು, ಒಣಗಿ ಅರ್ಧವಾಗಿದ್ದಳು. ಬೇನಜೀರ ಓಡಿಹೋಗಿ ಅವಳ ಹೆಗಲಿಗೆ ಮುಖ ಒತ್ತಿದಳು. ಉಮ್ಮಾ ಬೈಯುತ್ತಲೇ ಮಗಳ ಬೆನ್ನು ಸವರಿದಳು.

ಕುಲ್ಸುಮಬಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. "ಬಂದ್ಯಾ? ಉಪ್ಪು ಕಡಿಮಿ ಮಾಡ್ರಿ ಅಂತ ಡಾಕ್ಟರ್ ಹೇಳ್ಯಾರ, ಇಕಿ ಕೇಳವಲ್ಲಳು. ಇನ್ನ ನಿಮ್ಮ ಉಮ್ಮಾನ್ನ ನೀ ನೋಡ್ಕೋವ್ವ" ಎಂದು ಹೇಳಿ, ಸೊಸೆಗೆ ಚಹಾಕ್ಕೆ ನೀರಿಡಲು ಒಳಗೆ ಹೋದಳು.