ಅಳಿಸು

ಮಗಳು ಹೋಗಿ ನಾಲ್ಕು ತಿಂಗಳಾಗಿತ್ತು. ಗಡಿಯಾರ ರಿಪೇರಿಯವರು ದಿನಾ ಸಂಜೆ ಅಂಗಡಿಯಿಂದ ಬಂದವರೇ ಅವಳ ಕಂಪ್ಯೂಟರಿನ ಮುಂದೆ ಕೂತುಬಿಡುತ್ತಿದ್ದರು. ಅವರ ಹೆಂಡತಿ, ಓಣಿಯವರೆಲ್ಲರ ಟೈಲರಮ್ಮ, ಹೊಲಿಗೆ ಯಂತ್ರದ ಹಿಂದಿನಿಂದ ಅದನ್ನೇ ನೋಡುತ್ತಿದ್ದಳು. ಗಂಡನ ಮೇಲೆ ಹೊಟ್ಟೆಕಿಚ್ಚೇ ಎಂದರೆ, ಹೌದು, ಇತ್ತು. ಅಪ್ಪನಿಗೇನೋ ಬಿಟ್ಟುಹೋದಳು, ನನಗೇನು?

ಬಿಟ್ಟುಹೋದದ್ದು ಒಂದು ಆಟ. ಅದರಲ್ಲಿ ಮರಳು ಸುರಿದರೆ ಬೀಳುತ್ತದೆ, ನೀರು ಹರಿಯುತ್ತದೆ, ತಂತಿ ಎಳೆದರೆ ಕರೆಂಟು ಓಡುತ್ತದೆ. ಗುಬ್ಬಿ, ಮನೆಯಲ್ಲಿ ಮಗಳನ್ನು ಕರೆಯುತ್ತಿದ್ದದ್ದೇ ಹಾಗೆ, ಆ ತಂತಿಗಳನ್ನು ಹೆಣೆದು ಹದಿನಾರು ನೆನಪಿನ ಕೋಶ ಕಟ್ಟಿದ್ದಳು. ಒಂದೊಂದಕ್ಕೂ ಒಂದು ದೀಪ. "ಗುಂಡಿಯಿಂದ ಕೈ ತೆಗೆದ ಮೇಲೂ ಉರೀತಾ ಇರ್ಬೇಕು ಅಪ್ಪ, ಅದಕ್ಕೇ ನೆನಪು ಅನ್ನೋದು." ಆಸ್ಪತ್ರೆ ಸೇರುವ ಹಿಂದಿನ ದಿನ ಕೆಲವನ್ನು ಬೆಳಗಿಸಿ, ಕೆಲವನ್ನು ಆರಿಸಿ, "ಉರಿಯೋದು ಒಂದು, ಆರಿದ್ದು ಸೊನ್ನೆ, ಸೇರಿಸಿದ್ರೆ ಅಕ್ಷರ. ಇದ್ರಲ್ಲೊಂದು ಗುಟ್ಟಿದೆ, ಓದ್ಕೋ" ಎಂದು ನಕ್ಕಿದ್ದಳು.

ಅವರು ಓದಿರಲೇ ಇಲ್ಲ. "ಓದಿದ್ರೆ ಮುಗಿದುಹೋಗುತ್ತೆ ಕಣೇ. ಅದೆಲ್ಲಿಗೆ ಓಡಿಹೋಗುತ್ತೆ?" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಟೈಲರಮ್ಮ ತಡೆಯಲಾರದೆ ಆಟ ತೆರೆದಳು. ಕೆಳಗೊಂದು ದೊಡ್ಡ ಗುಂಡಿ. ಅದರ ಮೇಲೆ ಮಗಳು ಬರೆದಿದ್ದಳು: ಅಳಿಸು. ಟೈಲರಮ್ಮ ಪರದೆಯತ್ತ ಬಗ್ಗಿ ಅದನ್ನು ಮತ್ತೊಮ್ಮೆ ಓದಿದಳು. ಮಗಳ ಕಾಯಿಲೆ ಗೊತ್ತಾದ ದಿನದಿಂದ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. "ನಿನ್ನನ್ನ ಅಳಿಸದೆ ಬಿಡಲ್ಲ, ನೋಡ್ತಿರು" ಎಂದು ಗುಬ್ಬಿ ರೇಗಿಸುತ್ತಿದ್ದಳು. ಸರಿ, ಇದು ನನಗೇ ಇಟ್ಟದ್ದು. ಒತ್ತಿಯೇಬಿಟ್ಟಳು.

ಹದಿನಾರೂ ಆರಿದವು. ಗಾಬರಿಯಲ್ಲಿ ಆಟ ಮುಚ್ಚಿದಳು. ಮುಚ್ಚುವಾಗ ಇದ್ದದ್ದನ್ನು ಇದ್ದ ಹಾಗೇ ಜೋಪಾನ ಮಾಡಿಕೊಳ್ಳುವುದು ಆ ಆಟದ ಗುಣ. ಕತ್ತಲನ್ನೇ ಜೋಪಾನ ಮಾಡಿಕೊಂಡಿತು.

"ರೀ, ನನ್ನ ಕಣ್ಣಲ್ಲಿ ನೀರು ತರಿಸೋಕೆ ಏನೋ ಇಟ್ಟಿದಾಳೆ ಅನ್ಕೊಂಡೆ," ಎಂದಳು ಸಂಜೆ. "ಅಳಿಸು ಅಂದ್ರೆ ಒರೆಸಿಹಾಕೋದು ಅಂತ ಹೊಳೀಲೇ ಇಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಅಂಗಿ ಗುಂಡಿಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಉರಿಯುತ್ತಿದ್ದದ್ದಕ್ಕೆ ಬಿಳಿ, ಆರಿದ್ದಕ್ಕೆ ಕಪ್ಪು ಎಂದು ಜೋಡಿಸತೊಡಗಿದರು. ಐದರವರೆಗೆ ಸರಾಗ. ಆರನೆಯದಕ್ಕೆ ಕೈ ನಿಂತಿತು. ನಾಲ್ಕು ತಿಂಗಳು ದಿನಾ ನೋಡಿದ್ದರು. ಯಂತ್ರ ನೆನಪಿಟ್ಟುಕೊಂಡಿದೆಯಲ್ಲ ಎಂದು ತಾವು ಇಟ್ಟುಕೊಂಡಿರಲಿಲ್ಲ.

"ನೀನು ಇವತ್ತೇ ನೋಡಿದೀಯಲ್ಲ," ಎಂದರು ಆಸೆಯಿಂದ. "ಹೇಳು. ಬಿಳೀನಾ, ಕಪ್ಪಾ?"

ಟೈಲರಮ್ಮ ಒಂದು ಬಿಳಿ ಗುಂಡಿ ಎತ್ತಿಕೊಂಡಳು, ಮತ್ತೆ ಡಬ್ಬಿಗೇ ಹಾಕಿದಳು.

"ನನಗೇನು ಇಟ್ಟಿದಾಳೆ ಅಂತ ಹುಡುಕ್ತಿದ್ದೆ ರೀ," ಎಂದಳು. "ದೀಪ ನೋಡ್ಲೇ ಇಲ್ಲ."