ಎರಡು ದಾರಿಯ ಕುಳ್ಳ

ಸಕ್ಕರೆ ಬಟ್ಟಲಿನ ಅಂಚಿನ ಮೇಲೆ ಒಂದು ಇರುವೆ ಸುತ್ತು ಹಾಕುತ್ತಿದೆ, ಒಳಗೆ ಇಳಿಯುವುದಿಲ್ಲ, ಹೊರಗೂ ಹೋಗುವುದಿಲ್ಲ, ಇದೂ ಈರಪ್ಪನಂಥದೇ — ಕಾಶಪ್ಪಾ, ಈಗ ನೀವಽ ಹೇಳಬೇಕ್ರಿ, ಎನ್ನುತ್ತಿದ್ದಾರೆ ಗುಡೂರಿನಿಂದ ಹೆಣ್ಣು ಕೇಳಲು ಬಂದ ಶಂಕ್ರಪ್ಪನವರು, ಈರಪ್ಪನ ಕಾಕಾ, ನಮ್ಮ ಹುಡುಗ ನಿಮ್ಮ ಗೆಳೆಯಾ, ನಿಮಗ ಗೊತ್ತಿಲ್ಲದ್ದು ಏನೈತಿ, ಹೂಂ ಅಂದ್ರ ಸಕ್ರಿ ಹಂಚೂಣು — ಅಪ್ಪ ಹೋದ ಮೇಲೆ ಈ ಮನೆಯಲ್ಲಿ ಹೂಂ ಎನ್ನುವ ಬಾಯಿ ನನ್ನದೇ, ಒಳಗೆ ತಂಗಿ ಸುಂದರವ್ವನ ಮಗ್ಗ ಬೆಳಗಿನಿಂದ ಬಡಿಯುತ್ತಿದ್ದದ್ದು ಈಗ ನಿಂತಿದೆ, ಅವಳು ಕೇಳುತ್ತಿದ್ದಾಳೆ, ಅವಳಿಗೆ ಅವನು ಒಪ್ಪಿಗೆ, ಅದು ನನಗೆ ಗೊತ್ತು, ಆದರೆ ಯಾವ ಈರಪ್ಪ ಒಪ್ಪಿಗೆ, ಎದುರಿಗೆ ಕಾಣುವವನೋ, ಅವನ ಹಿಂದೆ ನಿಂತವನೋ — ಇದೇ ಪಡಸಾಲೆಯಲ್ಲಿ ಪ್ರತಿ ರವಿವಾರ ಮಧ್ಯಾಹ್ನ ಆಟ, ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿರುವ ಕಾಲೇಜು ಮೇಷ್ಟ್ರು ದತ್ತಾತ್ರೇಯ ಪುಣೆಯಿಂದ ತಂದ ಇಂಗ್ಲಿಷ್ ಪುಸ್ತಕದ ಆಟ, ಮಣೆಯಿಲ್ಲ, ಕಾಯಿಯಿಲ್ಲ, ಬಾಯಲ್ಲೇ ಆಡುವುದು, ಬದಾಮಿ ಗುಹಾನಽ ಅಂತ ತಿಳಕೋರಿ, ಒಳಗ ರಾಕ್ಷಸ ಇದ್ದಾನ, ಏನ್ ಮಾಡ್ತೀರಿ, ಎಂದು ದತ್ತಾತ್ರೇಯ ಕೇಳುತ್ತಾನೆ, ನಾವು ಹೇಳುತ್ತೇವೆ, ಗೆದ್ದೆವೋ ಸತ್ತೆವೋ ಹೇಳುವುದು ದಾಳ, ಇಪ್ಪತ್ತು ಮುಖದ ಕರಿ ದಾಳ, ಉರುಳಿ ಉರುಳಿ ಮೂಲೆ ಸವೆದು ಗುಂಡಗಾದದ್ದು, ಕೆತ್ತಿದ ಅಂಕಿಗಳೂ ಕರಿ, ಕಿಟಕಿಗೆ ಹಿಡಿದು ವಾರೆ ಮಾಡಿ ಓದಬೇಕು, ಇಪ್ಪತ್ತು ಬಿದ್ದರೆ ಗೆಲುವು, ಒಂದು ಬಿದ್ದರೆ ನಮ್ಮ ಕತ್ತಿ ನಮ್ಮ ಕಾಲಿಗೇ. ನಾನು ಯೋಧ, ಬರೀ ಯೋಧ, ಒಂದೇ ದಾರಿ. ಈರಪ್ಪ ಕುಳ್ಳನಾದ, ಆ ಪುಸ್ತಕದಲ್ಲಿ ಕುಳ್ಳರದೊಂದು ಕುಲವಿದೆ, ಅವನು ಸಾಲಿ ಮಾಸ್ತರ, ಆಮೇಲೆ ಆ ಮಾಸ್ತರನ ನಗೆ ನಕ್ಕು ಕೇಳಿದ, ಒಬ್ಬಾವಽ ಎರಡೂ ಆಗಬಹುದೇನ್ರಿ, ಯೋಧನೂ ಕಳ್ಳನೂ? ದತ್ತಾತ್ರೇಯ ಹಾಳೆ ತಿರುವಿ, ಕುಳ್ಳರಿಗೆ ನಡೀತದ, ಮನುಷ್ಯಾರಿಗೆ ಇಲ್ಲ, ಆದರ ಗಳಿಸಿದ್ದೆಲ್ಲಾ ಎರಡು ಪಾಲಾಗ್ತದ ನೋಡು, ಎರಡರಾಗೂ ಹಿಂದ ಬೀಳ್ತಿ, ಅಂದ. ಬೀಳ್ತೇನಿ ಬಿಡ್ರಿ, ಕೀಲಿ ತಗಿಯಾಂವ ಒಬ್ಬ ಬೇಕಲ್ಲ ನಮ್ಮೊಳಗ, ಎಂದ ಈರಪ್ಪ.

ಬೇಕೆಂದು ಅವನನ್ನು ಕೇಳಿದವರು ಯಾರು, ತಾನಾಗಿಯೇ ಹಿಂದೆ ಬೀಳುತ್ತೇನೆ ಎನ್ನುವವನನ್ನು ಹೇಗೆ ನಂಬುವುದು, ಬೆಳ್ಳಗಿರುವುದೆಲ್ಲ ಹಾಲಲ್ಲ — ಸುಂದರವ್ವನ ಮುಂದೆ ಇದನ್ನೇ ಅಂದಾಗ ಅವಳು ಮಗ್ಗದಿಂದ ತಲೆಯೆತ್ತದೆ, ಸೀರಿ ಒಡಲಿನ ಅರಳಿಗೆ ಸೆರಗಿನ ರೇಷ್ಮಿ ಕೊಂಡಿ ಹಾಕಿ ಸೇರಿಸಾಂವ ನೀನಽ, ಎರಡು ಥರದ ನೂಲು ಒಂದು ಸೀರಿ ಆಗೂದಿಲ್ಲೇನಣ್ಣಾ, ಅಂದಳು, ನೂಲಿನ ಮಾತು ನೂಲಿಗೆ, ಪುಸ್ತಕವೇ ಹೇಳುತ್ತದಲ್ಲ ಮನುಷ್ಯರಿಗೆ ಇಲ್ಲ ಎಂದು — ಮತ್ತೆ ಆ ದಾಳ. ಶ್ರಾವಣದ ಒಂದು ರವಿವಾರ ಆಟ ಮುಗಿದ ಮೇಲೆ ದಾಳ ಇಲ್ಲ, ಚಾಪೆ ಕೊಡವಿದೆವು, ಮಗ್ಗದ ಕುಣಿಯಲ್ಲಿ ಇಳಿದು ತಡಕಿದೆವು, ಇಳಕಲ್ಲಿನಲ್ಲಿ ಅಂಥದ್ದು ಇನ್ನೊಂದು ಎಲ್ಲಿಂದ ಬರಬೇಕು, ಆಟ ಅಲ್ಲಿಗೇ ನಿಂತಿತು, ಅವತ್ತು ಕೊನೆಗೆ ಎದ್ದು ಹೋದವನು ಈರಪ್ಪ. ಮತ್ತೆ ಮುಂದಿನ ವಾರ, ಅದನ್ನು ನಾನು ಈ ಕಣ್ಣಿಂದ ಕಂಡೆ, ಕಣ್ಣು ಮಂಜಾದ ಅಜ್ಜಿ ಗುರುಲಿಂಗವ್ವ ಅವನನ್ನು ಬಾಗಿಲ ಮೂಲೆಗೆ ಕರೆದು ಮೆಲ್ಲಗೆ ಏನೋ ಕೇಳಿದಳು, ಅವನು ಅಂಗಿಯ ಮೇಲಿಂದ ಎದೆ ಮುಟ್ಟಿಕೊಂಡ, ಮುಖ ಕೆಂಪಾಯಿತು, ನನ್ನತ್ತ ನೋಡಿ ತಲೆ ತಗ್ಗಿಸಿದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇನ್ನೇನು ಸಾಕ್ಷಿ ಬೇಕು, ಏನಬೇ ಅದು ಎಂದು ಅಜ್ಜಿಯನ್ನು ಕೇಳಿದರೆ, ನಿನಗ್ಯಾಕ, ಒಬ್ಬರ ಮರ್ಯಾದಿ ಮಾತು, ಅಂದಳು, ಅಂದರೆ ಅವಳಿಗೂ ಗೊತ್ತಾಗಿದೆ, ಮುಚ್ಚುತ್ತಿದ್ದಾಳೆ, ಗೆಳೆಯನ ಮನೆಯ ಚಾಪೆಯಿಂದ ದಾಳ ಎತ್ತಿದವನ ಕೈಗೆ ತಂಗಿಯ ಕೈ ಕೊಡುವುದೇ — ಏನ್ರಿ ಕಾಶಪ್ಪಾ, ಭಾಳ ವಿಚಾರ ಮಾಡಾಕತ್ತೀರಿ, ಶಂಕ್ರಪ್ಪನವರು ನಗುತ್ತಿದ್ದಾರೆ, ಇರುವೆ ಇನ್ನೂ ಅಂಚಿನ ಮೇಲೇ ಇದೆ, ಬ್ಯಾಡ್ರಿ, ಅಂದೆ, ನನ್ನ ಬಾಯಿಯೇ ಅಂದಿತು, ನಮಗ ಈ ಸಂಬಂಧ ಬ್ಯಾಡ್ರಿ. ಅವರು ಟೋಪಿ ಹಾಕಿಕೊಂಡು ಎದ್ದರು.

ಮಗ್ಗ ಮತ್ತೆ ಶುರುವಾಗಲಿ ಎಂದು ಕಾಯುತ್ತೇನೆ, ಆಗುವುದಿಲ್ಲ, ಸುಂದರವ್ವ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಾಳೆ, ಏನ್ ಕಂಡಿ ಅಣ್ಣಾ ಅವರೊಳಗ, ಅಷ್ಟೇ ಕೇಳಿದಳು, ಹೇಳೋಣ ಎನ್ನುವಷ್ಟರಲ್ಲಿ ಅಜ್ಜಿ ದೇವರ ಜಗಲಿಯ ಮಾಡದಿಂದ ಗಂಟು ಕಟ್ಟಿದ ಬಿಳಿ ಬಟ್ಟೆ ತಂದು ನನ್ನ ಅಂಗೈಯಲ್ಲಿಡುತ್ತಾಳೆ, ಹಂಗಾರ ಇದನ್ನರ ಈರಪ್ಪಗ ಮುಟ್ಟಿಸಿ ಬಾ, ಅವನ ಇಷ್ಟಲಿಂಗ, ನೀವು ಆಟ ಮುಗಿಸಿ ಎದ್ದ ಕೂಡಲೇ ಅವ ಕುಂತಿದ್ದ ಚಾಪಿ ಕೆಳಗ ಸಿಕ್ಕಿತ್ತು, ಕೊರಳಾಗ ಲಿಂಗ ಐತೇನೋ ತಮ್ಮಾ ಅಂತ ಕೇಳಿದ್ರ ಎದಿ ಮುಟ್ಟಿಕೊಂಡು ನಾಚಿದ, ಇಲ್ಲಬೇ ಯಮ್ಮಾ ಅಂದ, ಪಾಪ, ಲಿಂಗ ಕಳಕೊಂಡಾಂವ ಅಂತ ಮಂದಿಗೆ ತಿಳಿದ್ರ ಹೆಣ್ಣ ಯಾರು ಕೊಡ್ತಾರ, ಅದಕ್ಕ ಬಾಯಿ ಬಿಡಲಿಲ್ಲ, ಲಗ್ನದಾಗ ಅಯ್ಯನವರ ಕೈಲೆ ಕಟ್ಟಿಸೂಣಂತ ದಿನಾ ಪೂಜಿ ಮಾಡಿ ಇಟ್ಟಿದ್ನಿ, ಭಾಳ ಚೊಲೋ ಹುಡುಗ ಇತ್ತು — ಗಂಟು ಬಿಚ್ಚುವುದಿಲ್ಲ, ಉಗುರು ಜಾರುತ್ತದೆ, ಬಿಚ್ಚುತ್ತದೆ, ಗುಂಡಗೆ, ಕರ‍್ರಗೆ, ಸವೆದ ಮೂಲೆಗಳು, ಅಜ್ಜಿ ದಿನವೂ ಹಚ್ಚಿದ ವಿಭೂತಿ ಕೆತ್ತಿದ ಅಂಕಿಗಳಲ್ಲೆಲ್ಲ ತುಂಬಿಕೊಂಡಿದೆ, ಶಂಕ್ರಪ್ಪನವರು ಬಸ್ ಸ್ಟ್ಯಾಂಡ್ ಮುಟ್ಟಿರಬಹುದು, ಇಲ್ಲ, ಬಸ್ಸು ಹತ್ತಿರುತ್ತಾರೆ, ಓಡಿದರೆ, ಓಡಿ ಏನೆಂದು ಹೇಳುವುದು, ಬಾಗಿಲತ್ತ ಹೆಜ್ಜೆ ಇಡುತ್ತೇನೆ, ಅಂಗೈಯಲ್ಲಿ ದಾಳ ಹೊರಳುತ್ತದೆ, ನಿಲ್ಲುತ್ತದೆ, ಕಿಟಕಿಗೆ ಹಿಡಿಯಬೇಕಿಲ್ಲ, ವಾರೆ ಮಾಡಬೇಕಿಲ್ಲ, ಮೇಲ್ಮುಖದಲ್ಲಿ ಬೂದಿ ತುಂಬಿದ ಒಂದು, ಬೆಳ್ಳಗೆ, ಒಂದು